ಅಜ್ಜಿ ಮನೆ ಬಳಗದಲ್ಲಿ ಉಂಗುರದ ಜಗಳ

ಮದ್ದೂರು ಚಿಕ್ಕಪ್ಪ ಬೆಳಗ್ಗೆ ಆರಕ್ಕೆ ಮುಂಚೆ ಒಂದು ಗುಲಾಬಿ ಕಳಿಸುತ್ತಾರೆ. ಗುಲಾಬಿಯ ಬೆನ್ನಿಗೇ ಒಂದು ಗಾಬರಿಯನ್ನೂ ಕಳಿಸುತ್ತಾರೆ. 2022ರ ಸೆಪ್ಟೆಂಬರ್ 5, ಸೋಮವಾರವೂ ಹಾಗೇ ಆಯಿತು. 5:52ಕ್ಕೆ ಗುಲಾಬಿ. 5:53ಕ್ಕೆ ರಾಧಾಕೃಷ್ಣನ್ ಅವರ ಫೋಟೋ, ಶಿಕ್ಷಕರ ದಿನದ ಶುಭಾಶಯ. 5:54ಕ್ಕೆ ಇದು:

"ಎಚ್ಚರ! ಎಚ್ಚರ! ಅಮೆಜಾನ್‌ನವರು ಸಾವಿರಾರು ಕೋಟಿ ಸುರಿದ ಉಂಗುರದ ಸೀರಿಯಲ್ ತೋಪು! ಬೆಳ್ಳಗಿದ್ದ ಯಕ್ಷರನ್ನು ಕಪ್ಪು ಮಾಡಿದ್ದಕ್ಕೆ ಜನರ ಛೀಮಾರಿ! ಹೆದರಿದ ಕಂಪನಿ ವಿಮರ್ಶೆ ಬರೆಯುವುದನ್ನೇ ನಿಷೇಧಿಸಿದೆ! ಇಂದು ಅವರ ಕಥೆ, ನಾಳೆ ನಮ್ಮ ರಾಮಾಯಣ! ಕನಿಷ್ಠ 10 ಜನರಿಗೆ ಕಳುಹಿಸಿ."

ಕೆಳಗೆ ಚಿಕ್ಕಪ್ಪನ ಸ್ವಂತ ಸೇರ್ಪಡೆ ಒಂದೇ ಸಾಲು: "ನಾನು ಅವತ್ತೇ ಹೇಳಿದ್ದೆ."

ಅವತ್ತು ಅಂದರೆ ಯಾವತ್ತು ಎಂದು ಯಾರೂ ಕೇಳಲಿಲ್ಲ. ಏಳು ಜನ ಕೈಮುಗಿದರು. ಅದರಲ್ಲಿ ಮೂರು ಕೈಗಳು ರಾಧಾಕೃಷ್ಣನ್ ಅವರಿಗೆ ಇರಬೇಕು.

ಗುಂಪಿನ ಹೆಸರು 'ಅಜ್ಜಿ ಮನೆ ಬಳಗ'. ಅಜ್ಜಿ ಇಲ್ಲ. ಮಂಡ್ಯದ ಹತ್ತಿರದ ಆ ಮನೆಗೆ ಬೀಗ ಬಿದ್ದಿದೆ. ಜಗಲಿಯ ಫೋಟೋ ಮಾತ್ರ ಗುಂಪಿನ ಮೇಲುಗಡೆ ಉಳಿದಿದೆ. 43 ಜನ ಇದ್ದೇವೆ. ಇಲ್ಲಿ ನನಗೆ ಒಂದೇ ಕೆಲಸ. ಏನೇ ಬಂದರೂ "ಮೂಲ ಎಲ್ಲಿ?" ಎಂದು ಕೇಳುವುದು. 2020ರ ಲಾಕ್‌ಡೌನಿನಲ್ಲಿ ಶುರುವಾದ ಚಟ. ಮಸ್ಕತ್‌ನಲ್ಲಿರುವ ಬಾವ ಅದಕ್ಕೇ ನನಗೆ 'ಮೂಲವ್ಯಾಧಿ' ಅಂತ ಹೆಸರಿಟ್ಟಿದ್ದಾರೆ. ಆ ಹೆಸರು ಈಗ ಮಕ್ಕಳ ಬಾಯಲ್ಲೂ ಇದೆ.

ಅವತ್ತೂ ಕೇಳಿದೆ. ಉತ್ತರ ಬರಲಿಲ್ಲ. ಸರಿ, ನಾನೇ ಹುಡುಕಿ ಬರೆದೆ.

ಸೀರಿಯಲ್ಲಿನ ಹೆಸರು 'ದಿ ರಿಂಗ್ಸ್ ಆಫ್ ಪವರ್'. ಸೆಪ್ಟೆಂಬರ್ 2ಕ್ಕೆ ಪ್ರೈಮ್‌ನಲ್ಲಿ ಬಂತು, ಕನ್ನಡದ ದನಿಯಲ್ಲೂ ಇದೆ. ದುಡ್ಡಿನ ಮಾತು ನಿಜ. ಕಥೆಯ ಹಕ್ಕಿಗೇ 2017ರಲ್ಲಿ ಸುಮಾರು 25 ಕೋಟಿ ಡಾಲರ್ ಕೊಟ್ಟರೆಂದು ವರದಿಯಾಗಿತ್ತು. ತೋಪು ಅನ್ನುವುದು ಅಷ್ಟು ಸಲೀಸಲ್ಲ. ಮೊದಲ ದಿನವೇ ಜಗತ್ತಿನಲ್ಲಿ 2.5 ಕೋಟಿಗೂ ಹೆಚ್ಚು ಜನ ನೋಡಿದರೆಂದು ಕಂಪನಿ ಹೇಳಿಕೊಂಡಿದೆ. ವಿಮರ್ಶೆಯ ನಿಷೇಧ ಸುಳ್ಳು. ಅಮೆಜಾನ್ ತನ್ನ ತಾಣದಲ್ಲಿ ವಿಮರ್ಶೆಗಳನ್ನು 72 ಗಂಟೆ ತಡೆದು, ಪರಿಶೀಲಿಸಿ ಹಾಕುತ್ತಿದೆ, ಅಷ್ಟೆ. ಸುಮ್ನೆ ಒಂದು ಅಂಕ ಒತ್ತಿ ಹೋಗುವವರ ಕಾಟ ತಡೆಯಲಿಕ್ಕೆ. ರಾಟನ್ ಟೊಮ್ಯಾಟೋಸ್ ಎಂಬ ವಿಮರ್ಶೆಯ ತಾಣದಲ್ಲಿ ವಿಮರ್ಶಕರ ಅಂಕ ಶೇ 80ರ ಮೇಲಿದೆ, ಪ್ರೇಕ್ಷಕರದು ಶೇ 40ರ ಆಸುಪಾಸು.

ಆ 2.5 ಕೋಟಿಯಲ್ಲಿ ನಾನೂ ಒಬ್ಬ ಎಂಬುದನ್ನು ಮಾತ್ರ ಬರೆಯಲಿಲ್ಲ. ಶುಕ್ರವಾರ ರಾತ್ರಿ ಹಾಕಿದ್ದೆ. ನಲವತ್ತು ನಿಮಿಷಕ್ಕೆ ಗೊರಕೆ. ಕಂಪನಿ ಲೆಕ್ಕದಲ್ಲಿ ನಾನು 'ನೋಡಿದವನು'.

ಇಷ್ಟೆಲ್ಲ ಬರೆದದ್ದಕ್ಕೆ ಮೊದಲ ಉತ್ತರ ದೊಡ್ಡಮ್ಮನದು: "ಟೊಮೆಟೊ ಕೊಳೆತಿದ್ರೆ ಬಿಸಾಕಪ್ಪ, ಗುಂಪಲ್ಲಿ ಯಾಕೆ ಹಾಕ್ತೀಯ."

ಎರಡನೆಯದು ದೊಡ್ಡ ಮಾವನದು. ಅವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಇವತ್ತಿಗೂ ಮೆಸೇಜ್ ಬರೆದರೆ ಸುತ್ತೋಲೆಯ ಹಾಗೇ ಇರುತ್ತದೆ.

"ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ. ಕುಮಾರವ್ಯಾಸ ಹುಟ್ಟಿದ ನಾಡಿನಲ್ಲಿ ಪರದೇಶದ ಉಂಗುರದ ಕಥೆಗೆ ಬೆಳಗಿನ ಜಾವದಲ್ಲಿ ಚರ್ಚೆ ನಡೆಯುತ್ತಿರುವುದು ವಿಷಾದನೀಯ. ಮಕ್ಕಳಿಗೆ ಭಾರತ ಓದಿಸಿ. ಟೀವಿ ಬಂದ್ ಮಾಡಿ. ಇಂಥವನ್ನು ನಾನು ನೋಡುವುದಿಲ್ಲ, ನೀವೂ ನೋಡಬೇಡಿ."

ಇಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಮಸ್ಕತ್ ಬಾವ ಎದ್ದರು.

"ಅಪ್ಪ, ಮಾಯಾ ಮಂತ್ರದ ಸೀರಿಯಲ್ ಅಂದ್ರೆ ಚಂದ್ರಕಾಂತ. ಅದರ ಮುಂದೆ ಇವೆಲ್ಲ ಏನು? ಕ್ರೂರ್ ಸಿಂಗ್ ಯಕ್ಕೂ ಅಂದ್ರೆ ಈಗಲೂ ಮೈ ಜುಮ್ ಅನ್ನುತ್ತೆ."

ಮುಗಿಯಿತು. ಅಮೆಜಾನ್ ಹೋಯಿತು, 1994 ಬಂತು. ಭಾನುವಾರ ಬೆಳಗ್ಗೆ ಸೀರಿಯಲ್ ಶುರುವಾಗುವ ಹೊತ್ತಿಗೇ ಊರಲ್ಲಿ ಕರೆಂಟ್ ಹೋಗುತ್ತಿತ್ತು. ಕಪ್ಪು-ಬಿಳುಪು ಪೋರ್ಟಬಲ್ ಟೀವಿಯನ್ನು ಜಗಲಿಗೆ ತಂದು, ಅಜ್ಜನ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ, ಎರಡು ವೈರಿಗೆ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಕೆಂಪು ವೈರು, ಕಪ್ಪು ವೈರು ಅದಲುಬದಲಾದರೆ ಅಜ್ಜಿಯ ಬೈಗುಳ. ಒಬ್ಬ ಮಾಳಿಗೆ ಮೇಲೆ ಆಂಟೆನಾ ತಿರುಗಿಸಬೇಕು, ಕೆಳಗಿನವರು "ಬಂತು, ಬಂತು, ಹೋಯ್ತು" ಎಂದು ಕೂಗಬೇಕು. ಹಿಂದಿ ಯಾರಿಗೂ ಬರುತ್ತಿರಲಿಲ್ಲ. ಹುರಳಿಕಾಯಿ ಸೋಸುತ್ತಾ ದೊಡ್ಡಮ್ಮ ಏನು ಹೇಳುತ್ತಿದ್ದರೋ ಅದೇ ಕಥೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ದೊಡ್ಡಮ್ಮನ ಚಂದ್ರಕಾಂತಕ್ಕೂ ದೂರದರ್ಶನದ ಚಂದ್ರಕಾಂತಕ್ಕೂ ಸಂಬಂಧವೇ ಇರಲಿಲ್ಲ. ದೊಡ್ಡಮ್ಮನದೇ ಚೆನ್ನಾಗಿತ್ತು, ಬಿಡಿ.

ಆಂಟೆನಾ ತಿರುಗಿಸುತ್ತಿದ್ದವನು ನಾನು, ಅಲ್ಲ ನಾನು ಎಂದು 31 ಮೆಸೇಜ್ ಬಂದವು. ಕೊನೆಗೆ ದೊಡ್ಡ ಮಾವ ಸುತ್ತೋಲೆ ಬಿಟ್ಟು ಮಾತಿಗಿಳಿದರು: "ಬ್ಯಾಟರಿ ಇಳಿದು ಸೋಮವಾರ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ದೆ ಅಪ್ಪನ ಹತ್ರ ಉಗಿಸ್ಕೊಂಡೋನು ನಾನು. ಅದನ್ನೂ ಬರ್ಕೊ."

ಚಿಕ್ಕಪ್ಪನಿಗೆ ಇದು ಸಹಿಸಲಿಲ್ಲ. ಅವರ ಗಾಬರಿಯನ್ನು ಯಾರೂ ಗಾಬರಿಯಾಗಿ ತೆಗೆದುಕೊಂಡಿರಲಿಲ್ಲ. ಇನ್ನೊಂದು ಸಲ ಹಾಕಿದರು: "ವಿಷಯಕ್ಕೆ ಬನ್ನಿ. ಯಕ್ಷರನ್ನ ಕಪ್ಪು ಮಾಡಿದ್ದು ಸರಿಯೋ ತಪ್ಪೋ? ಅಷ್ಟು ಹೇಳಿ."

ಎಲ್ಫ್ ಅಂದರೆ ಯಕ್ಷರಲ್ಲ, ಚೂಪು ಕಿವಿಯ, ಮುಪ್ಪಿಲ್ಲದ ಜನ, ಬೇಕಾದರೆ ಗಂಧರ್ವರು ಅನ್ನಿ ಎಂದು ನಾನು ಟೈಪ್ ಮಾಡುತ್ತಿದ್ದೆ. ಅರೊಂಡಿರ್ ಎಂಬ ಎಲ್ಫ್ ಪಾತ್ರ ಮಾಡಿದ್ದು ಪೋರ್ಟೊ ರಿಕೋದ ಕಪ್ಪು ಬಣ್ಣದ ನಟ ಇಸ್ಮಾಯೆಲ್ ಕ್ರೂಸ್ ಕೊರ್ಡೊವಾ, ಅವನಿಗೆ ಸೀರಿಯಲ್ ಬರುವ ಮುಂಚಿನಿಂದಲೂ ಬೈಗುಳ ಬೀಳುತ್ತಿದೆ ಎಂದೂ ಸೇರಿಸುವವನಿದ್ದೆ. ಅಷ್ಟರಲ್ಲಿ ಮೇಲೆ 'ದೊಡ್ಡಮ್ಮ ಟೈಪಿಂಗ್' ಎಂದು ಕಾಣಿಸಿತು. ದೊಡ್ಡಮ್ಮ ಒಂದು ಬೆರಳಲ್ಲಿ ಟೈಪ್ ಮಾಡುತ್ತಾರೆ. ತುಂಬಾ ಹೊತ್ತು ಟೈಪಿಂಗ್ ಟೈಪಿಂಗ್ ಎಂದೇ ತೋರಿಸಿತು. ಆಮೇಲೆ ತುಂಡು ತುಂಡಾಗಿ ಬಂತು.

"ಯಕ್ಷ್ರು ಬೆಳ್ಳಗಿದ್ರು ಅಂತ ನೋಡಿದೋರು ಯಾರವ್ರೆ"

"ಕೃಷ್ಣ ಯಾವ ಬಣ್ಣ"

"ಬಣ್ಣದ ಮಾತು ನಿಮ್ ಬಾಯಲ್ಲಿ ಬರಬಾರ್ದು ಮದ್ದೂರೋರೇ"

ಗುಂಪು ತಣ್ಣಗಾಯಿತು. ಗೊತ್ತಿದ್ದವರಿಗೆ ಗೊತ್ತಾಯಿತು.

ಎಂಟು ವರ್ಷದ ಹಿಂದಿನ ಮಾತು. ದೊಡ್ಡಮ್ಮನ ಮಗಳಿಗೆ, ನನ್ನ ಅಕ್ಕನಿಗೆ, ಚಿಕ್ಕಪ್ಪನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣು ನೋಡುವ ಮೊದಲು ಕಳಿಸಿದ ಫೋಟೋವನ್ನು ಸ್ಟುಡಿಯೋದವನು, ಯಾರೂ ಹೇಳದೆಯೇ, ಎರಡು ಪಟ್ಟು ಬೆಳ್ಳಗೆ ಮಾಡಿಬಿಟ್ಟಿದ್ದ. ಗಂಡಿನವರು ಬಂದರು, ಉಪ್ಪಿಟ್ಟು ಕೇಸರಿಬಾತ್ ತಿಂದರು, ಫೋಟೋ ಒಂದು ಸಲ, ಅಕ್ಕನನ್ನು ಒಂದು ಸಲ ನೋಡಿದರು. ಹೋದರು. ಮಾರನೇ ದಿನ ಚಿಕ್ಕಪ್ಪ ಫೋನ್ ಮಾಡಿ, "ಫೋಟೋದಲ್ಲಿ ಇದ್ದಷ್ಟು ಬಣ್ಣ ಇಲ್ಲ ಅಂತಾವ್ರೆ" ಎಂದು ತಿಳಿಸಿದರು. ಅಷ್ಟಕ್ಕೇ ಇಟ್ಟಿದ್ದರೆ ಆಗುತ್ತಿತ್ತು. "ದಿನಾ ಕಡಲೆಹಿಟ್ಟು ಹಚ್ಚಿಸಿ, ಮುಂದಿನ ಸಲಕ್ಕೆ ಸರಿ ಹೋಗುತ್ತೆ" ಎಂದು ಸೇರಿಸಿದರು. ಫೋನ್ ಸ್ಪೀಕರಿನಲ್ಲಿತ್ತು. ಅಕ್ಕ ಅಲ್ಲೇ ಲೋಟ ತೊಳೆಯುತ್ತಿದ್ದಳು.

ಚಿಕ್ಕಪ್ಪ ಬರೆದರು: "ಅಕ್ಕ, ಅವತ್ತು ಅವರು ಹೇಳಿದ್ದನ್ನ ತಲುಪಿಸಿದೆ ಅಷ್ಟೆ. ಇವತ್ತೂ ಬಂದಿದ್ದನ್ನ ಫಾರ್ವರ್ಡ್ ಮಾಡಿದೆ ಅಷ್ಟೆ. ನನ್ನದೇನಿದೆ ಇದರಲ್ಲಿ?"

"ಅವತ್ತೂ ಫಾರ್ವರ್ಡೇ ಮಾಡಿದ್ದು ನೀವು."

ಅಕ್ಕನೂ ಗುಂಪಿನಲ್ಲೇ ಇದ್ದಾಳೆ. ಈಗ ಮೈಸೂರಲ್ಲಿ ಬ್ಯಾಂಕ್ ಕೆಲಸ, ಎರಡು ಮಕ್ಕಳು. ಗುಂಪಿಗೆ ಎರಡೇ ಪದ ಹಾಕಿದಳು: "ಅಮ್ಮ, ಸಾಕು." ನನಗೆ ಬೇರೆಯಾಗಿ ಕಳಿಸಿದಳು: "ಆ ನಟನ ಹೆಸರೇನೋ?" ಹೇಳಿದೆ. ಹತ್ತು ನಿಮಿಷ ಬಿಟ್ಟು: "ಚೆನ್ನಾಗಿದ್ದಾನೆ ಕಣೋ."

ದೊಡ್ಡ ಮಾವ ತಂಗಿಯ ಪರ ನಿಂತರು. ತಪ್ಪಾಯಿತು. ಚಿಕ್ಕಪ್ಪನಿಗೆ ತಿರುಗಿಬೀಳಲು ಬೇರೆ ಗುರಿ ಬೇಕಿತ್ತು, ಸಿಕ್ಕಿತು. ಹಿಂದಿನ ವರ್ಷ ಕೆಆರ್‌ಎಸ್ ಬಿರುಕು ಬಿಟ್ಟಿದೆ ಅಂತ ಎಲ್ಲ ಕಡೆ ಗುಲ್ಲೆದ್ದಿತ್ತಲ್ಲ, ಆಗ ಚಿಕ್ಕಪ್ಪ "ಇಂದು ರಾತ್ರಿಯೇ ಶ್ರೀರಂಗಪಟ್ಟಣ ಖಾಲಿ" ಎಂಬ ಮೆಸೇಜ್ ಹಾಕಿದ್ದರು. ದೊಡ್ಡ ಮಾವ ಹನ್ನೊಂದು ಧ್ವನಿ ಸಂದೇಶಗಳಲ್ಲಿ ಉತ್ತರ ಕೊಟ್ಟಿದ್ದರು. ಸುಣ್ಣ-ಸುರ್ಕಿ ಗಾರೆಯ ಗುಣ, ಕಲ್ಲಿನ ಅಳತೆ, ಎಲ್ಲವೂ. ಯಾರೂ ಪೂರ್ತಿ ಕೇಳಲಿಲ್ಲ. ಯಾರೋ "ಇಲಾಖೆ ವಕ್ತಾರರು" ಎಂದರು. ಮಾವ ಗುಂಪು ಬಿಟ್ಟರು. ಅವರನ್ನು ವಾಪಸ್ ಸೇರಿಸಲು ಒಂದು ನಾಮಕರಣ ಬೇಕಾಯಿತು.

"ವಕ್ತಾರರು ಬಂದ್ರು" ಎಂದು ಚಿಕ್ಕಪ್ಪ ಈಗ ಬರೆದಿದ್ದೇ ತಡ, ಮಧ್ಯಾಹ್ನದವರೆಗೂ ಬಿರುಕೇ ಬಿರುಕು. ಅದನ್ನೆಲ್ಲ ಇಲ್ಲಿ ಬರೆಯಲಾರೆ. ಊಟದ ಹೊತ್ತಿಗೆ ಚಿಕ್ಕಮ್ಮ, ಪಾಪ, ಏನೂ ಓದದೆ ಬಂದು ಕೇಳಿದರು: "ಅದ್ಯಾವುದೋ ಉಂಗುರದ ಸೀರಿಯಲ್ಲು ಚೆನ್ನಾಗಿದೆಯಂತಲ್ಲ? ನಮ್ಮ ಟೀವೀಲಿ ನಿನ್ನ ಪ್ರೈಮು ಬರ್ತಾ ಇಲ್ಲ ಕಣೋ, ಮೂರು ಜನ ನೋಡ್ತಾವ್ರೆ ಅನ್ನುತ್ತೆ. ಚಿಕ್ಕಪ್ಪ ಶುಕ್ರವಾರದಿಂದ ಒದ್ದಾಡ್ತಾವ್ರೆ."

ಆಗ ಒಂದು ಖಾತೆಯಲ್ಲಿ ಒಂದೇ ಸಲಕ್ಕೆ ಮೂರು ಕಡೆ ನೋಡಬಹುದಿತ್ತು, ಅಷ್ಟೆ. ನನ್ನ ಪಾಸ್‌ವರ್ಡನ್ನು ನಾನು ಒಬ್ಬರಿಗೆ ಮಾತ್ರ ಕೊಟ್ಟಿದ್ದೆ, ಅಕ್ಕನಿಗೆ, ಮಕ್ಕಳ ಕಾರ್ಟೂನಿಗೆ ಅಂತ. ಅದು ಎಷ್ಟು ಮನೆ ಸುತ್ತಿದೆಯೋ ಅವತ್ತು ನೋಡಿದೆ. ನಾನು ನಲವತ್ತನೇ ನಿಮಿಷಕ್ಕೆ ಮಲಗಿದ್ದ ಸೀರಿಯಲ್ಲನ್ನು ನನ್ನದೇ ಖಾತೆಯಲ್ಲಿ ಯಾರೋ ಎರಡು ಸಂಚಿಕೆ ಪೂರ್ತಿ ನೋಡಿದ್ದರು, ಕನ್ನಡದಲ್ಲಿ. ಅಕ್ಕನ ಮಗ ಇರಬೇಕು ಅಂದುಕೊಂಡೆ. ಬದಲಾಯಿಸುವ ಮನಸ್ಸಾಯಿತು, ಬದಲಾಯಿಸಲಿಲ್ಲ. ಇಷ್ಟು ಮಾತಾದ ಮೇಲೆ ಪಾಸ್‌ವರ್ಡ್ ಬೇರೆ ಬದಲಾಯಿಸಿದರೆ ಅದಕ್ಕೂ ಒಂದು ನಾಮಕರಣ ಬೇಕಾಗುತ್ತಿತ್ತು.

ಎರಡು ದಿನ ಬಿಟ್ಟು, ಇದೇ ಉಂಗುರದ ಲೋಕದ ಹಳೆಯ 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳಲ್ಲಿ ಹಾಬಿಟ್ ಎಂಬ ಗಿಡ್ಡ ಜನರಾಗಿದ್ದ ನಟರು ಬಗೆಬಗೆ ಬಣ್ಣದ ಕಿವಿಗಳಿದ್ದ ಟೀ ಶರ್ಟ್ ಹಾಕಿಕೊಂಡು, ಕಪ್ಪು ನಟರ ಪರ ಫೋಟೋ ಹಾಕಿದರು. ಗುಂಪಿಗೆ ಕಳಿಸಿದೆ. ಒಬ್ಬರು ಕೈಮುಗಿದರು. ಅಷ್ಟರಲ್ಲಿ ಎಲ್ಲರೂ ಗಣಪತಿ ಬಿಡುವುದರಲ್ಲಿದ್ದರು.

ದಸರಾ ಬಂತು. ಗುಂಪಿನ ತುಂಬ ಮೈಸೂರಿನ ದೀಪಾಲಂಕಾರ, ಗೊಂಬೆ ಕೂರಿಸಿದ ಫೋಟೋ. ಅಕ್ಟೋಬರ್ 1, ಶನಿವಾರ ಬೆಳಗ್ಗೆ, ಚಿಕ್ಕಪ್ಪನ ಗುಲಾಬಿಗೂ ಮುಂಚೆ, ದೊಡ್ಡ ಮಾವನ ಸುತ್ತೋಲೆ:

"ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ. ಮುರಿದ ಕತ್ತಿಯ ಹಿಡಿಯನ್ನು ಕಲ್ಲಿನ ತೂತಿಗೆ ಸಿಕ್ಕಿಸಿ ತಿರುಗಿಸಿದರೆ ಅಣೆಕಟ್ಟೆ ಒಡೆದು, ನೀರೆಲ್ಲ ಸುರಂಗದಲ್ಲಿ ಹರಿದು ಬೆಂಕಿ ಬೆಟ್ಟಕ್ಕೆ ನುಗ್ಗುತ್ತದೆ ಎಂದು ತೋರಿಸುವುದು ಜನರ ದಾರಿ ತಪ್ಪಿಸುವ ಕೆಲಸ. ಕೆಆರ್‌ಎಸ್‌ನಲ್ಲಿ ನೂರಕ್ಕೂ ಹೆಚ್ಚು ಗೇಟುಗಳಿವೆ. ವಿಶ್ವೇಶ್ವರಯ್ಯನವರು ಮಾಡಿಸಿದ ಗೇಟು ನೀರಿನ ಮಟ್ಟ ಏರಿದಾಗ ತಾನೇ ತೆರೆಯುತ್ತಿತ್ತು, ಕತ್ತಿ ಗಿತ್ತಿ ಬೇಕಿರಲಿಲ್ಲ. 124.80 ಅಡಿ ನೀರು ನಿಂತಿರುವ ಕಟ್ಟೆಯನ್ನು ಒಬ್ಬ ಮುದುಕ ಒಂದು ಕೈಯಲ್ಲಿ ಒಡೆಯುತ್ತಾನೆಂದರೆ ಬರೆದವನು ಅಣೆಕಟ್ಟೆ ನೋಡೇ ಇಲ್ಲ. ಬೆಟ್ಟ ಸಿಡಿದಿದ್ದು ಮಾತ್ರ ಸರಿಯಾಗಿದೆ. ಕುಕ್ಕರ್ ತತ್ವ."

ಐದು ನಿಮಿಷ ಯಾರೂ ಮಾತಾಡಲಿಲ್ಲ. ನೀಲಿ ಟಿಕ್ಕುಗಳು ಬೀಳುತ್ತಾ ಹೋದವು. ಆಮೇಲೆ ಮದ್ದೂರಿನಿಂದ, ಗುಲಾಬಿ ಇಲ್ಲದೆ, ಎರಡು ಪದ ಬಂದವು:

"ಮೂಲ ಎಲ್ಲಿ?"

ದೊಡ್ಡ ಮಾವ ತಡಮಾಡಲಿಲ್ಲ.

"ಆರನೇ ಸಂಚಿಕೆ. ಕೊನೇ ಹತ್ತು ನಿಮಿಷ. ಕನ್ನಡದಲ್ಲೇ ಇದೆ."