ಪ್ಲಿಮತ್ ಅಕ್ಕನಿಗೆ: ನವೆಂಬರ್ 3ರವರೆಗೆ ಕಾಯಬೇಡಿ, ವೋಟು ಹಾಕಿಯೇ ಊರಿಗೆ ಹೊರಡಿ

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ. ಪ್ಲಿಮತ್ ಅಕ್ಕ ನಿನ್ನೆ ಗ್ರೂಪಲ್ಲಿ ಕೇಳಿದ್ದರಲ್ಲ, ಅಕ್ಟೋಬರ್ ಕೊನೆಗೆ ಊರಿಗೆ ಹೊರಟಿದ್ದೇವೆ, ಚುನಾವಣೆ ದಿನ, ಅಂದರೆ ನವೆಂಬರ್ 3ಕ್ಕೆ, ಅಮೆರಿಕದ ನಮ್ಮ ಮಿನೆಸೋಟಾದಲ್ಲಿ ಇರುವುದಿಲ್ಲ, ಅತ್ತೆಗೆ ಬೇರೆ ಈ ವರ್ಷವೇ ಸಿಟಿಜನ್‌ಶಿಪ್ ಬಂದಿದೆ, ಅವರ ಮೊದಲ ವೋಟು ತಪ್ಪಿಹೋಗುತ್ತದಾ ಅಂತ. ತಪ್ಪುವುದಿಲ್ಲ ಅಕ್ಕ. ಹೊರಡುವ ಮುಂಚೆಯೇ ಇಬ್ಬರೂ ಜೊತೆಗೆ ಹೋಗಿ ಹಾಕಿ ಬನ್ನಿ.

ಬ್ಯಾಲೆಟ್ಟನ್ನು ಪೋಸ್ಟಲ್ಲಿ ತರಿಸಿಕೊಳ್ಳಿ ಅಂತ ಗ್ರೂಪಲ್ಲಿ ಒಬ್ಬರು ಹೇಳಿದರು. ಅದೂ ಆಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಸಾಕ್ಷಿಯ ಸಹಿ ಬೇಕು, ಲಕೋಟೆಯೊಳಗೆ ಲಕೋಟೆ ಇಡಬೇಕು, ಆಮೇಲೆ ಅದು ಟೈಮಿಗೆ ತಲುಪಿತೋ ಇಲ್ಲವೋ ಅಂತ ಬೆಂಗಳೂರಲ್ಲಿ ಕೂತು ಯೋಚನೆ ಮಾಡಬೇಕು. ಕಾಲು ಗಟ್ಟಿ ಇರುವಾಗ ನಾವೇ ಹೋಗಿ ಹಾಕುವುದೇ ವಾಸಿ ಅಂತ ನನ್ನ ಲೆಕ್ಕ. ಊರಲ್ಲಿರಲ್ಲ, ಹುಷಾರಿಲ್ಲ ಅಂತ ಕಾರಣ ಕೊಡಬೇಕಾದ ಕಾಲ ಒಂದಿತ್ತು. 2014ರಿಂದ ಮಿನೆಸೋಟಾದಲ್ಲಿ ಕಾರಣ ಕೇಳುವುದಿಲ್ಲ. ಸುಮ್ನೆ ಹೋದರೂ ಕೊಡುತ್ತಾರೆ.

ಹೀಗೆ ಮೊದಲೇ ಹೋಗಿ ವೋಟು ಹಾಕುವುದು ಚುನಾವಣೆಗೆ 46 ದಿನ ಮುಂಚೆ ಶುರುವಾಗುತ್ತದೆ. ಅಂದರೆ ಈ ಸಲ ಸೆಪ್ಟೆಂಬರ್ 18, ಗಣೇಶನ ಹಬ್ಬ ಮುಗಿದ ವಾರದಲ್ಲೇ. ಕೊನೆಯ ಅವಕಾಶ ನವೆಂಬರ್ 2ರ ಸೋಮವಾರ ಸಂಜೆ ಐದು ಗಂಟೆ. ನೀವು ಪ್ಲಿಮತ್‌ನವರು, ಹಾಗಾಗಿ ನಿಮ್ಮ ಸಿಟಿ ಹಾಲ್‌ಗೆ ಹೋಗಬಹುದು, ಇಲ್ಲವೇ ಮಿನಿಯಾಪೊಲಿಸ್‌ನಲ್ಲಿರುವ ಹೆನೆಪಿನ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆಫೀಸಿಗೆ. ನಮ್ಮ ಈಡನ್ ಪ್ರೇರಿ ಸಿಟಿ ಸೆಂಟರಿಗೆ ನೀವು ಬಂದರೆ ಮಾತ್ರ ಆಗುವುದಿಲ್ಲ. ಸಿಟಿಯವರು ಅವರವರ ಊರಿನವರಿಗಷ್ಟೇ ಕೊಡುತ್ತಾರೆ, ಕೌಂಟಿ ಆಫೀಸು ಇಡೀ ಕೌಂಟಿಗೆ. ಮತ್ತೆ ನೆನಪಿಡಿ, ಇದು ನೀವು ಚುನಾವಣೆ ದಿನ ಹೋಗುವ ಶಾಲೆಯೋ ಚರ್ಚೋ ಅಲ್ಲ, ಅವೆಲ್ಲ ಆ ದಿನ ಮಾತ್ರ. ಸಮಯ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಹೊರಡುವ ಮುಂಚೆ ರಾಜ್ಯದ ಚುನಾವಣೆ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ವೆಬ್‌ಸೈಟಲ್ಲಿ ನೋಡಿಕೊಳ್ಳಿ.

ಯಾವಾಗ ಹೋಗುವುದು ಅಂತ ನನ್ನನ್ನು ಕೇಳಿದರೆ, ಅಕ್ಟೋಬರ್ 16 ಆದ ಮೇಲೆ ಹೋಗಿ. ಅದಕ್ಕೂ ಮುಂಚೆ ಹೋದರೆ ಬ್ಯಾಲೆಟ್ಟನ್ನು ಒಂದು ಲಕೋಟೆಗೆ ಹಾಕಿ, ಅದನ್ನು ಸಹಿ ಮಾಡುವ ಇನ್ನೊಂದು ಲಕೋಟೆಗೆ ಹಾಕಿ ಕೊಟ್ಟು ಬರುತ್ತೀರಿ. ಅವರು ಆಮೇಲೆ ತೆಗೆಯುತ್ತಾರೆ. ಕೊನೆಯ 18 ದಿನದಲ್ಲಿ ಹೋದರೆ ನೀವೇ ನೇರವಾಗಿ ಮೆಷಿನ್ನಿಗೆ ಹಾಕುವ ಅವಕಾಶ ಇರುತ್ತದೆ. ಇದರಿಂದ ಲಾಭ ಏನು ಅಂದರೆ, ಒಂದೇ ಸ್ಥಾನಕ್ಕೆ ಎರಡು ಗುರುತು ಹಾಕಿಬಿಟ್ಟಿದ್ದರೆ ಮೆಷಿನ್ ಅಲ್ಲೇ ತಕರಾರು ಮಾಡುತ್ತದೆ, ನೀವು ಹೊಸ ಬ್ಯಾಲೆಟ್ ಕೇಳಿ ತೆಗೆದುಕೊಳ್ಳಬಹುದು. ಲಕೋಟೆಯೊಳಗೆ ಹೋದರೆ ಅದು ಯಾರಿಗೆ ಗೊತ್ತಾಗಬೇಕು? ಮೊದಲ ಸಲ ಹಾಕುವ ಅತ್ತೆಗೆ ಇದೇ ಒಳ್ಳೆಯದು. ನವರಾತ್ರಿ ಮಧ್ಯೆ ಬರುತ್ತದೆ, ನಿಜ. ಬೊಂಬೆಗೆ ಆರತಿ ಆದ ಮೇಲೆ ಹೋಗಿ ಬನ್ನಿ.

ಅತ್ತೆಯ ಹೆಸರು ಇನ್ನೂ ರಿಜಿಸ್ಟರ್ ಆಗಿಲ್ಲ ಅಲ್ವಾ? ಅಕ್ಟೋಬರ್ 13ರ ಒಳಗೆ ಆನ್‌ಲೈನಲ್ಲೇ ಮಾಡಿಬಿಡಿ. ಅವರ ಮಿನೆಸೋಟಾ ಐಡಿ ನಂಬರೋ ಸೋಶಿಯಲ್ ಸೆಕ್ಯುರಿಟಿಯ ಕೊನೆಯ ನಾಲ್ಕು ಅಂಕಿಯೋ ಬೇಕು. ಹೆಸರಿನ ವಿಷಯದಲ್ಲಿ ಮಾತ್ರ ಹುಷಾರು. ನಮ್ಮವರ ಪಾಸ್‌ಪೋರ್ಟಲ್ಲಿ ಊರಿನ ಹೆಸರು ಒಂದು ಕಡೆ, ಯಜಮಾನರ ಹೆಸರು ಇನ್ನೊಂದು ಕಡೆ, ಇನಿಶಿಯಲ್ ಮತ್ತೊಂದು ಕಡೆ ಇರುತ್ತದೆ. ಐಡಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಎಲ್ಲ ಫಾರಂನಲ್ಲೂ ಒಂದೇ ಥರ. 13 ದಾಟಿಹೋದರೂ ಗಾಬರಿ ಬೇಡ, ವೋಟು ಹಾಕಲು ಹೋದಾಗ ಅಲ್ಲೇ ರಿಜಿಸ್ಟರ್ ಮಾಡಿಕೊಳ್ಳುತ್ತಾರೆ. ಆಗ ಈಗಿನ ವಿಳಾಸ ಇರುವ ಐಡಿ ಬೇಕು. ಅದಿಲ್ಲದಿದ್ದರೆ ಪಾಸ್‌ಪೋರ್ಟಿನ ಜೊತೆ ಅವರ ಹೆಸರು, ವಿಳಾಸ ಇರುವ ಬ್ಯಾಂಕ್ ಸ್ಟೇಟ್‌ಮೆಂಟೋ ಫೋನ್ ಬಿಲ್ಲೋ ಒಯ್ಯಿರಿ. ಫೋನ್ ಬಿಲ್ಲು ಮಗನ ಹೆಸರಲ್ಲಿದ್ದರೆ ಪ್ರಯೋಜನ ಇಲ್ಲ. ನಿಮ್ಮದು ಆಗಲೇ ರಿಜಿಸ್ಟರ್ ಆಗಿದೆಯಲ್ಲ, ನಿಮಗೆ ಇದ್ಯಾವುದೂ ಬೇಕಿಲ್ಲ. ಅಲ್ಲಿ ಒಂದು ಅರ್ಜಿ ಕೊಡುತ್ತಾರೆ, ಇಬ್ಬರೂ ತುಂಬಿ ಸಹಿ ಹಾಕಿದರಾಯಿತು.

ಈಗ ನೀವು ಮುಖ್ಯವಾಗಿ ಕೇಳಿದ್ದು. ಅತ್ತೆಗೆ ಇಂಗ್ಲಿಷ್ ಓದುವುದು ಕಷ್ಟ, ಒಳಗೆ ಒಬ್ಬರೇ ಏನು ಮಾಡುತ್ತಾರೆ ಅಂತ. ಒಬ್ಬರೇ ಯಾಕೆ, ನೀವೂ ಜೊತೆಗೆ ಹೋಗಬಹುದು. ಓದಲು ಬರೆಯಲು ಆಗದವರು, ಕಣ್ಣು ಕಾಣದವರು, ಕೈಕಾಲು ಆಗದವರು ತಮಗೆ ಬೇಕಾದವರನ್ನು ಸಹಾಯಕ್ಕೆ ಕರೆದುಕೊಂಡು ಹೋಗಬಹುದು ಅಂತ ಫೆಡರಲ್ ಕಾನೂನೇ ಇದೆ. ವೋಟಿಂಗ್ ರೈಟ್ಸ್ ಆಕ್ಟಿಗೆ 1982ರಲ್ಲಿ ಸೇರಿಸಿದ ಸೆಕ್ಷನ್ 208. ಅವರ ಕಂಪನಿಯ ಮಾಲೀಕರು, ಯೂನಿಯನ್ನಿನವರು ಬರುವಂತಿಲ್ಲ, ಅಷ್ಟೇ. ಸೊಸೆ ಬರಬಹುದು! ಕನ್ನಡದಲ್ಲಿ ಓದಿ ಹೇಳಬಹುದು, ಅವರು ಹೇಳಿದ ಕಡೆ ಗುರುತು ಹಾಕಲೂಬಹುದು. ಯಾರಿಗೆ ಅನ್ನುವುದು ಮಾತ್ರ ಅವರದ್ದೇ. ಮನೆಯಲ್ಲಿ ಟಿವಿ ಮುಂದೆ ಎಷ್ಟು ವಾದ ಮಾಡಿದ್ದರೂ ಅಲ್ಲಿ ನಿಮ್ಮ ಬಾಯಿಂದ ಸಲಹೆ ಬರಬಾರದು. ಮಂಡಿನೋವು ಜಾಸ್ತಿ ಇದ್ದರೆ ಕಾರಿನ ಹತ್ತಿರವೇ ಬ್ಯಾಲೆಟ್ ತಂದುಕೊಡಿ ಅಂತ ಕೇಳಬಹುದು, ಅದಕ್ಕೂ ಅವಕಾಶ ಇದೆ.

ಅತ್ತೆಗೆ ಊರಿನ ಹಾಗೆ ಬಟನ್ ಒತ್ತುವುದು, ಬೆರಳಿಗೆ ಶಾಯಿ ಅಂತ ಮನಸ್ಸಲ್ಲಿರುತ್ತದೆ. ಇಲ್ಲಿ ದೊಡ್ಡ ಕಾಗದ. ಹೆಸರಿನ ಪಕ್ಕದ ಮೊಟ್ಟೆಯಾಕಾರವನ್ನು ಪೂರ್ತಿ ಕಪ್ಪು ಮಾಡಬೇಕು, ನಾವು ಸಿಇಟಿಯಲ್ಲಿ ಓಎಂಆರ್ ಶೀಟ್ ತುಂಬಿದ ಹಾಗೆ. ಕಾಗದ ತಿರುಗಿಸಿ ನೋಡಿ, ಹಿಂದೆಯೂ ಇರುತ್ತದೆ. ಮುಂದೆ ಗವರ್ನರ್, ಸೆನೆಟ್ ಅಂತ ದೊಡ್ಡವರೆಲ್ಲ, ಹಿಂದೆ ಜಡ್ಜ್‌ಗಳ ಉದ್ದ ಸಾಲು, ಬಹಳ ಸಲ ಒಬ್ಬೊಬ್ಬರೇ ನಿಂತಿರುತ್ತಾರೆ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಉಳಿದದ್ದು ಲೆಕ್ಕಕ್ಕೆ ಬರುತ್ತದೆ. ಸ್ಯಾಂಪಲ್ ಬ್ಯಾಲೆಟ್ ವೆಬ್‌ಸೈಟಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆದು ಕಾಫಿ ಕುಡಿಯುತ್ತಾ ಅತ್ತೆ ಜೊತೆ ಒಂದು ಸಲ ಓದಿ, ಅದನ್ನೇ ಒಳಗೂ ಒಯ್ಯಬಹುದು. ಅಭ್ಯರ್ಥಿಯ ಹೆಸರಿರುವ ಟೋಪಿ, ಟೀ ಶರ್ಟ್ ಬೇಡ, ತೆಗೆದು ಬನ್ನಿ ಅನ್ನುತ್ತಾರೆ.

ಅಂದಹಾಗೆ ಕೆಲಸಕ್ಕೆ ಹೋಗುವವರಿಗೆ: ವೋಟು ಹಾಕಿ ಬರುವಷ್ಟು ಹೊತ್ತು ಸಂಬಳ ಕಡಿಯದೆ ಬಿಡಬೇಕು ಅಂತ ಮಿನೆಸೋಟಾ ಕಾನೂನು. ಮೊದಲೇ ಹಾಕುವವರಿಗೂ ಅದು ಸಿಗುತ್ತದೆ.

ಗ್ರೀನ್ ಕಾರ್ಡ್, ಎಚ್1ಬಿ ಇರುವವರು ದಯವಿಟ್ಟು ಕಿವಿಗೊಟ್ಟು ಕೇಳಿ. ನೀವು ಹಾಕುವಂತಿಲ್ಲ. ರಿಜಿಸ್ಟರ್ ಕೂಡ ಮಾಡುವಂತಿಲ್ಲ. ದೇವಸ್ಥಾನದ ಹೊರಗೆ ಯಾರೋ ನಗುನಗುತ್ತಾ ಫಾರಂ ಕೊಟ್ಟರು, ಲೈಸೆನ್ಸ್ ಆಫೀಸಲ್ಲಿ ಯಾರೋ ಕೇಳಿದರು ಅಂತ ಸಿಟಿಜನ್ ಅನ್ನುವ ಕಡೆ ಟಿಕ್ ಹಾಕಿ ಸಹಿ ಮಾಡಬೇಡಿ. ಮುಂದೆ ಸಿಟಿಜನ್‌ಶಿಪ್ ಅರ್ಜಿಗೇ ಕಲ್ಲು ಬೀಳುತ್ತದೆ, ದೇಶ ಬಿಡಿಸುವವರೆಗೂ ಹೋಗಬಹುದು. ಗೊತ್ತಿರಲಿಲ್ಲ ಅಂದರೆ ಬಿಟ್ಟುಬಿಡುತ್ತಾರೆ ಅಂತ ನಂಬಿಕೊಳ್ಳಬೇಡಿ. ಇಂಡಿಯನ್ ಪಾಸ್‌ಪೋರ್ಟ್ ಇರುವವರು ಅಲ್ಲಿನ ವೋಟು ಇಲ್ಲಿಂದ ಪೋಸ್ಟಲ್ಲಿ ಹಾಕಬಹುದಾ ಅಂತಲೂ ಒಬ್ಬರು ಕೇಳಿದ್ದರು. ಸದ್ಯಕ್ಕೆ ಇಲ್ಲ. ಫಾರಂ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ಹಾಕಲು ನಿಮ್ಮ ಬೂತಿಗೇ ಹೋಗಬೇಕು.

ಅಕ್ಕ, ಅತ್ತೆಯ ಐಡಿಯಲ್ಲಿ ಹಳೇ ಅಪಾರ್ಟ್‌ಮೆಂಟ್ ವಿಳಾಸ ಇದೆಯಾ, ಈಗಿನ ಮನೆಯದಾ? ಅದೊಂದು ನೋಡಿ ಹೇಳಿ. ಹಳೆಯದಾದರೆ ಇವತ್ತೇ ಅವರ ಬ್ಯಾಂಕಿಗೆ ಹೇಳಿ ವಿಳಾಸ ಬದಲಾಯಿಸಿ, ಸ್ಟೇಟ್‌ಮೆಂಟ್ ಬರಲು ಟೈಮ್ ಹಿಡಿಯುತ್ತದೆ.