ಸಹಾಯ ಬೇಕು: ‘ವೇರ್’ ಯಾವಾಗಲೂ ಕ್ರಿಯಾವಿಶೇಷಣವೇ?

ಸದಸ್ಯರೆಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿರುವ ನನಗೆ, ಪ್ರಶ್ನಾರ್ಥಕ ಪದಗಳು ಕ್ರಿಯಾವಿಶೇಷಣಗಳಾಗಿ ಬರುವ ಬಗೆಯ ಕುರಿತು ಬಲ್ಲವರ ನೆರವು ಬೇಕಾಗಿದೆ.

‘ವೆನ್ ಡಸ್ ದ ಕುಮಟಾ ಬಸ್ ಲೀವ್’ ಎಂಬಲ್ಲಿ ತೊಡಕಿಲ್ಲ. ‘ವೆನ್’ ಹೊರಡುವ ಕಾಲವನ್ನು ಕೇಳುವುದರಿಂದ ಅದು ಕ್ರಿಯಾವಿಶೇಷಣ. ‘ಹೌ ಓಲ್ಡ್’ ಎಂಬಲ್ಲಿ ‘ಹೌ’ ಗುಣವಾಚಕಕ್ಕೆ ಅಂಟಿಕೊಳ್ಳುತ್ತದೆ ಎಂದರೂ ಮಕ್ಕಳು ಒಪ್ಪುತ್ತಾರೆ. ಆದರೆ ‘ವೇರ್ ಆರ್ ಯು ಫ್ರಂ’ ಎಂಬ ವಾಕ್ಯದಲ್ಲಿ ‘ವೇರ್’ ಪದವು ‘ಫ್ರಂ’ ಎಂಬ ಪ್ರಿಪೊಸಿಷನ್‌ಗೆ ಕರ್ಮವಾಗಿ ನಿಂತಂತೆ ಕಾಣುವುದರಿಂದ, ಅದನ್ನು ಸರ್ವನಾಮವೆಂದು ಏಕೆ ಕರೆಯಬಾರದು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಪ್ರಶ್ನೆ ನ್ಯಾಯವಾದದ್ದೇ, ನಮ್ಮ ‘ಎಲ್ಲಿಂದ’ದಲ್ಲಿಯೂ ‘ಎಲ್ಲಿ’ ನಾಮಪದದಂತೆ ವಿಭಕ್ತಿ ಪ್ರತ್ಯಯವನ್ನು ತಾಳುತ್ತದಲ್ಲವೇ? ನಿಘಂಟುಗಳೂ ಇದಕ್ಕೆ ಒಂದೇ ಹೆಸರು ಕೊಡುವುದಿಲ್ಲ. ಪರೀಕ್ಷೆಯ ದೃಷ್ಟಿಯಿಂದ ಯಾವ ಉತ್ತರ ಹೇಳಿಕೊಡುವುದು ಸೂಕ್ತ?

ಇನ್ನೊಂದು ಸಮಸ್ಯೆ ಪದಕ್ರಮದ್ದು. ‘ಅವನು ಎಲ್ಲಿದ್ದಾನೆ’ ಎಂಬ ನೇರ ಪ್ರಶ್ನೆಯ ಕ್ರಮವು ‘ಅವನು ಎಲ್ಲಿದ್ದಾನೆಂದು ಗೊತ್ತಿಲ್ಲ’ ಎಂಬಲ್ಲಿಯೂ ಬದಲಾಗದಿರುವುದರಿಂದ, ಮಕ್ಕಳು ‘ಐ ಡೋಂಟ್ ನೋ ವೇರ್ ಹಿ ಈಸ್’ ಎನ್ನುವ ಬದಲು ‘ವೇರ್ ಈಸ್ ಹಿ’ ಎಂದೇ ಬರೆಯುತ್ತಾರೆ. ನಿಯಮವನ್ನು ಬಾಯಿಪಾಠ ಮಾಡಿಸಿದರೆ ಇದು ಹೋಗದು. ಒಂಬತ್ತನೆಯ ತರಗತಿಗೆ ಹೊಂದುವ ಅಭ್ಯಾಸದ ಹಾಳೆಗಳು, ಅದರಲ್ಲಿಯೂ ನೇರ ಪ್ರಶ್ನೆಯನ್ನು ಪರೋಕ್ಷ ರೂಪಕ್ಕೆ ತಿರುಗಿಸುವಂಥವು, ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲಿ ಹಂಚಿಕೊಳ್ಳಬೇಕಾಗಿ ವಿನಂತಿ.