ಅಪ್ಡೇಟ್ ‘ಕೂರ್ತಿಲ್ಲ’ ಅಂತ ಬರೀಬಹುದಾ? ಇನ್‌ಸ್ಟಾಲ್‌ಗೆ ಪದ ಬೇಕು

ಎಲ್ರಿಗೂ ನಮಸ್ಕಾರ,

ವಿಂಡೋಸ್ ಅಪ್ಡೇಟ್ ಕೈಕೊಟ್ರೆ ಏನ್ ಮಾಡ್ಬೇಕು ಅಂತ ಮನೆಯವರಿಗೆ, ನೆಂಟರಿಗೆ ಕೊಡೋಕೆ ಕನ್ನಡದಲ್ಲಿ ಎರಡು ಪುಟ ಬರೀತಾ ಇದೀನಿ, ಮೊದಲನೇ ಸಾಲಲ್ಲೇ ಪದ ಸಿಗದೆ ನಿಂತಿದೆ. ಇನ್‌ಸ್ಟಾಲ್ ಅನ್ನೋದಕ್ಕೆ ಒಂದ್ಕಡೆ ಸ್ಥಾಪಿಸು, ಇನ್ನೊಂದ್ಕಡೆ ಅನುಸ್ಥಾಪಿಸು, ಮತ್ತೊಂದ್ಕಡೆ ಅಳವಡಿಸು. ಸ್ಥಾಪನೆ ಅಂದ್ರೆ ಸಂಘ, ಶಾಲೆ ಶುರು ಮಾಡಿದ ಹಾಗೆ ಕೇಳುತ್ತೆ, ಅನುಸ್ಥಾಪನೆ ಅಂತ ಬಾಯಲ್ಲಿ ಅಂದವರನ್ನ ನಾನು ಕಂಡಿಲ್ಲ.

ನಮ್ಮ ಚಿಕ್ಕಪ್ಪ ಬೋರ್‌ವೆಲ್ ಮೋಟರ್ ಕೆಲಸದವರು. 2024ರ ಜನವರಿಲಿ ಅವರ ವಿಂಡೋಸ್ 10 ಲ್ಯಾಪ್‌ಟಾಪಲ್ಲಿ ಒಂದು ಅಪ್ಡೇಟ್ ದಿನಾ ಫೇಲ್ ಆಗ್ತಿತ್ತು, ಫೋನ್ ಮಾಡಿ ಅಂದಿದ್ದು ಇಷ್ಟೇ: "ಇಳಿಯುತ್ತೆ ಕಣೋ, ಕೂರಲ್ಲ." ಅಂದ್ರೆ ಡೌನ್‌ಲೋಡ್ ಆಗುತ್ತೆ, ಇನ್‌ಸ್ಟಾಲ್ ಆಗಲ್ಲ ಅಂತ.

ಆ ಮಾತು ನನಗೆ ತುಂಬಾ ಹಿಡಿಸ್ತು. ಮೋಟರ್ ಕೂರಿಸ್ತೀವಿ, ಬಾಗಿಲು ಕೂರಿಸ್ತೀವಿ, ಗಣಪತಿ ಕೂರಿಸ್ತೀವಿ. ಡಬ್ಬದ ಮುಚ್ಚಳ ಸರಿಯಾಗಿ ಕೂತಿಲ್ಲ ಅಂತೀವಿ. ಮಾಡೋರು ಇದ್ರೆ ಕೂರಿಸು, ತಾನಾಗೇ ಆಗೋದಿದ್ರೆ ಕೂರು, ಎರಡೂ ರೂಪ ರೆಡಿಯಾಗೇ ಇದೆ, ‘ಸ್ಥಾಪನೆ ವಿಫಲವಾಗಿದೆ’ ಅಂತ ಎಳೆದಾಡೋದೇ ಬೇಡ. ಅದಕ್ಕಿಂತ ಹೆಚ್ಚಾಗಿ, ಕೂರ್ತಿಲ್ಲ ಅಂದ ತಕ್ಷಣ ನಮ್ಮ ತಲೆಗೆ ಬರೋ ಮೊದಲ ಪ್ರಶ್ನೆ ಜಾಗ ಇದ್ಯಾ ಅಂತ ಅಲ್ವಾ?

ಚಿಕ್ಕಪ್ಪನ ವಿಷಯದಲ್ಲಿ ಆಗಿದ್ದೂ ಅದೇ. ಅದು ಆ ವರ್ಷ ಜನವರಿ 9ಕ್ಕೆ ಬಂದ ಕೆಬಿ5034441 ಅನ್ನೋ ಸೆಕ್ಯುರಿಟಿ ಅಪ್ಡೇಟ್. ಪರದೆ ಮೇಲೆ 0ಎಕ್ಸ್80070643 ಅನ್ನೋ ಎರರ್, ಅದರ ಅರ್ಥ ಬರೀ ‘ಇನ್‌ಸ್ಟಾಲ್ ಫೇಲ್’ ಅಂತ. ಆದ್ರೆ ನಿಜವಾದ ತೊಂದರೆ, ವಿಂಡೋಸ್ ಕೆಟ್ಟಾಗ ರಿಪೇರಿಗೆ ಅಂತ ಇಟ್ಟಿರೋ ರಿಕವರಿ ಪಾರ್ಟಿಶನ್ (ಡಿಸ್ಕಲ್ಲಿ ಸಿ ಡ್ರೈವ್ ಬಿಟ್ಟು ಬೇರೆಯಾಗೇ ಇರೋ ಒಂದು ಭಾಗ) ಚಿಕ್ಕದಾಗಿತ್ತು, ಅದರಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಜಾಗ ಸಾಲದು ಅನ್ನೋ ಎರರ್ ಬರಬೇಕಾದ ಕಡೆ ಈ ನಂಬರ್ ಬರ್ತಿದೆ ಅಂತ ಮೈಕ್ರೋಸಾಫ್ಟೇ ಹೇಳಿತ್ತು. ಅಂದ್ರೆ ಜನ ದಾರಿ ತಪ್ಪಿದ್ದು ಒಂದು ತಪ್ಪು ಪದದಿಂದ, ಸಿ ಡ್ರೈವಲ್ಲಿ ಬೇಕಾದಷ್ಟು ಜಾಗ ಇದ್ದವರಿಗೂ ಅಪ್ಡೇಟ್ ಫೇಲ್ ಆಗ್ತಿತ್ತು, ಎಲ್ಲಿ ಜಾಗ ಇಲ್ಲ ಅನ್ನೋದೇ ಗೊತ್ತಾಗ್ತಿರಲಿಲ್ಲ. ನಾನೂ ಮೊದಲು, ಇಳಿಸಿದ ಅಪ್ಡೇಟ್ ಫೈಲ್‌ಗಳು ಇರೋ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರ್ ಖಾಲಿ ಮಾಡಿಸಿದೆ, ಪ್ರಯೋಜನ ಆಗ್ಲಿಲ್ಲ, ಯಾಕಂದ್ರೆ ಅದು ಇಳಿಸಿದ ಫೈಲ್ ಕೆಟ್ಟಿದ್ರೆ ಮಾಡೋ ಮದ್ದು. ಕೊನೆಗೆ ಬ್ಯಾಕಪ್ ತಗೊಂಡು, ಸಿ ಡ್ರೈವಿಂದ 250 ಎಂಬಿ ಕಿತ್ತು ರಿಕವರಿಗೆ ಸೇರಿಸಿದ ಮೇಲೆ ಕೂತ್ಕೊಳ್ತು.

ಹಾಗಾಗಿ ಪುಟದಲ್ಲಿ ಇಳಿಯೋದು, ಕೂರೋದು ಅಂತ ಎರಡು ಹಂತ ಬೇರೆ ಬೇರೆ ಮಾಡಿ, ಯಾವ ಹಂತದಲ್ಲಿ ನಿಂತಿದೆ ನೋಡಿ ಅಂತ ಬರೀಬೇಕು ಅಂತಿದೀನಿ. ಅಪ್ಡೇಟ್ ಪದ ಹಾಗೇ ಇರ್ಲಿ, ನವೀಕರಣ ಅಂದ್ರೆ ಹಳೇ ದೇವಸ್ಥಾನಕ್ಕೆ ಸುಣ್ಣ ಬಣ್ಣ ಹೊಡೆದಂಗೆ ಅನ್ಸುತ್ತೆ, ಇದು ನನ್ನ ಅಭಿಪ್ರಾಯ ಅಷ್ಟೇ.

ಇನ್ನೊಂದು ಪದ ನಿಜವಾಗ್ಲೂ ಕಾಡ್ತಿದೆ. ಅಪ್ಡೇಟ್ ಅರ್ಧಕ್ಕೆ ನಿಂತಾಗ ವಿಂಡೋಸ್ ತಾನು ಮಾಡಿದ್ದನ್ನೆಲ್ಲಾ ವಾಪಸ್ ತೆಗೆದು ಹಳೇ ಸ್ಥಿತಿಗೆ ಹೋಗುತ್ತಲ್ಲ, ಅದಕ್ಕೆ ‘ಬದಲಾವಣೆಗಳನ್ನು ರದ್ದುಗೊಳಿಸಲಾಗುತ್ತಿದೆ’ ಅಂತ ಬರೆದ್ರೆ, ರದ್ದು ನೋಡಿದ ಕೂಡ್ಲೇ ತಮ್ಮ ಫೈಲೇ ಹೋಯ್ತು ಅಂತ ಹೆದರಿ ಕರೆಂಟ್ ಆಫ್ ಮಾಡ್ಬಿಡ್ತಾರೆ, ಆ ಹೊತ್ತಲ್ಲಿ ಆಫ್ ಮಾಡೋದೇ ಅಪಾಯ. ‘ಮೊದಲಿದ್ದ ಹಾಗೇ ಮಾಡ್ತಿದೆ, ಆಫ್ ಮಾಡಬೇಡಿ’ ಅಂತ ಸದ್ಯಕ್ಕೆ ಬರ್ಕೊಂಡಿದೀನಿ. ಉದ್ದ ಆಯ್ತು, ಇದಕ್ಕೆ ಒಂದೇ ಪದ ಗೊತ್ತಿದ್ರೆ ಕೊಡಿ.

ಹಾಗೇ ಧಾರವಾಡ, ಕಲಬುರಗಿ ಕಡೆಯವರು ಹೇಳಿ, ನಿಮ್ಮಲ್ಲಿ ಮೋಟರ್‌ಗೆ ಕೂಡ್ರಿಸು ಅಂತೀರಾ, ಕುಂದ್ರಿಸು ಅಂತೀರಾ, ಇಲ್ಲಾ ಬರೀ ಫಿಟ್ ಮಾಡೋದಾ? ಕರಾವಳಿಯವರಿಗೂ ಇದೇ ಪ್ರಶ್ನೆ. ಕೂರಿಸು ಅಂತ ಬರೆದ್ರೆ ಎಲ್ರಿಗೂ ಅರ್ಥ ಆಗುತ್ತಾ?